ತೊಟ್ಟಿನ ಗುರುತು

ಮಹದೇವಪ್ಪ ಮಾವ ವಯಸ್ಸಾದ ಮೇಲೆ ಯಾವ ಮಗುವಿನ ಕೈಗೂ ಇಡೀ ಕಿತ್ತಳೆ ಹಣ್ಣು ಕೊಡುತ್ತಿರಲಿಲ್ಲ. ತಾವೇ ಸುಲಿದು, ನಾರು ತೆಗೆದು, ತೊಳೆ ತೊಳೆ ಬಿಡಿಸಿ ಮಗುವಿನ ಬೊಗಸೆಗೆ ಹಾಕುತ್ತಿದ್ದರು. ಆಮೇಲೆ ತಮ್ಮ ಎರಡೂ ಅಂಗೈಗಳನ್ನು ಅಗಲಿಸಿ ತೋರಿಸುತ್ತಿದ್ದರು, ನನ್ನ ಹತ್ತಿರ ಏನೂ ಉಳಿದಿಲ್ಲ ನೋಡು ಎನ್ನುವ ಹಾಗೆ. ಶನಿವಾರಸಂತೆಯ ಮಕ್ಕಳು ಇದನ್ನು ಮುದುಕನ ಆಟ ಎಂದುಕೊಂಡು ನಗುತ್ತಿದ್ದವು. ಊರಿನ ದೊಡ್ಡವರಿಗೆ ಕಾರಣ ಅರ್ಧ ಗೊತ್ತಿತ್ತು. ಪೂರ್ತಿ ಗೊತ್ತಿದ್ದವಳು ನಾನೊಬ್ಬಳೇ, ಯಾಕೆಂದರೆ ಅದು ನಡೆದಾಗ ನಾನು ಅವರ ಪಕ್ಕದಲ್ಲೇ ನಿಂತಿದ್ದೆ.

ಮಾವ ನನ್ನ ತಾಯಿಯ ಅಣ್ಣ. ನಮ್ಮ ಹಳ್ಳಿಯಲ್ಲಿ ನಾಲ್ಕನೇ ಕ್ಲಾಸಿನ ಮೇಲೆ ಶಾಲೆ ಇರಲಿಲ್ಲವಾದ್ದರಿಂದ ನನ್ನನ್ನು ಅವರ ಮನೆಯಲ್ಲಿ ಬಿಟ್ಟಿದ್ದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ನಾಲ್ಕೈದು ವರ್ಷವಾಗಿತ್ತಷ್ಟೆ. ಮನೆಯಲ್ಲಿ ಮಾವ, ವಿಮಲಮ್ಮ ಅತ್ತೆ, ಅವರ ಒಬ್ಬನೇ ಮಗ ರೇವಣ್ಣ. ಅವನು ನನಗಿಂತ ಮೂರು ವರ್ಷಕ್ಕೆ ದೊಡ್ಡವನು. ಸೋದರಮಾವನ ಮಗ ಅಂದಮೇಲೆ ಕೇಳಬೇಕೆ, ಬೀದಿಯ ಹೆಂಗಸರು ನಮ್ಮಿಬ್ಬರನ್ನು ಜೋಡಿಸಿ ತಮಾಷೆ ಮಾಡುತ್ತಿದ್ದರು. ನಾನು ಸಿಟ್ಟಿನಿಂದ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವನು ಹೊರಗಿನಿಂದ ಚಿಲಕ ಹಾಕಿ ಓಡಿಹೋಗುತ್ತಿದ್ದ.

ಮಾವನ ಕೆಲಸ ಜಯಪ್ಪನವರ ಕಿತ್ತಳೆ ಮಂಡಿಯಲ್ಲಿ. ಆಗ ಕಾಫಿ ತೋಟಗಳ ನಡುವೆಲ್ಲ ಕಿತ್ತಳೆ ಗಿಡ. ಸುಗ್ಗಿಯಲ್ಲಿ ಗಾಡಿಗಟ್ಟಲೆ ಹಣ್ಣು ಬಂದು ಮಂಡಿಯ ನೆಲದ ಮೇಲೆ ಸುರಿಯುತ್ತಿತ್ತು. ಮಾವ ಗೋಣಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹಣ್ಣು ಆರಿಸುತ್ತಿದ್ದರು. ದಪ್ಪದ್ದು ಒಂದು ಕಡೆ, ಸಣ್ಣದು ಒಂದು ಕಡೆ. ತೊಟ್ಟು ಕಿತ್ತುಬಂದ ಹಣ್ಣು ಮಾತ್ರ ಬೇರೆ ಗುಡ್ಡೆಗೆ. ಕಿತ್ತಳೆಯನ್ನು ಕತ್ತರಿಯಿಂದ ತೊಟ್ಟು ಉಳಿಸಿ ಕೊಯ್ಯಬೇಕು. ಎಳೆದು ಕಿತ್ತರೆ ತೊಟ್ಟಿನ ಜಾಗದಲ್ಲಿ ಗಾಯವಾಗಿ, ಹಣ್ಣು ಬುಟ್ಟಿಯಲ್ಲಿ ಮೈಸೂರು ತಲುಪುವಷ್ಟರಲ್ಲಿ ಕೊಳೆಯಲು ಹಿಡಿಯುತ್ತದೆ, ಪಕ್ಕದ ಹಣ್ಣನ್ನೂ ಕೊಳೆಸುತ್ತದೆ. ಹಾಗಾಗಿ ಆ ಗುಡ್ಡೆಯ ಹಣ್ಣು ಸಂತೆಯಲ್ಲಿ ಅಗ್ಗಕ್ಕೆ ಹೋಗುತ್ತಿತ್ತು. ಉಳಿದದ್ದು ನಮ್ಮಂಥ ಮಕ್ಕಳಿಗೆ.

ಅಂಥ ಹಣ್ಣೊಂದನ್ನು ಎತ್ತಿಕೊಂಡು ಮಾವ ಒಂದು ಕ್ಷಣ ನೋಡಿ, "ಇದ್ರೊಳಗೆ ಒಂಬತ್ತು ತೊಳೆ" ಅನ್ನುತ್ತಿದ್ದರು. ನಾವು ಸುಲಿದು ಎಣಿಸಿದರೆ ಒಂಬತ್ತೇ! ಮಕ್ಕಳೆಲ್ಲ ಹೋ ಎಂದು ಕಿರುಚುತ್ತಿದ್ದೆವು. ಇದರಲ್ಲಿ ಮಂತ್ರವೇನೂ ಇರಲಿಲ್ಲ. ತೊಟ್ಟು ಕಿತ್ತ ಗುಳಿಯನ್ನು ಕಣ್ಣಿಟ್ಟು ನೋಡಿದರೆ ಸುತ್ತ ಸಾಸಿವೆಗಿಂತ ಸಣ್ಣ ಚುಕ್ಕೆಗಳಿರುತ್ತವೆ. ಚುಕ್ಕೆ ಎಷ್ಟೋ ಒಳಗೆ ತೊಳೆ ಅಷ್ಟು. ಬೇರೆ ಮಕ್ಕಳಿಗೆ ಮಾವ ಅದನ್ನು ಹೇಳಿಕೊಡಲಿಲ್ಲ. ರೇವಣ್ಣನಿಗೆ ಮಾತ್ರ, ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. ನನಗೆ ಗೊತ್ತಾದದ್ದು ಬಾಗಿಲ ಸಂದಿಯಿಂದ ಇಣುಕಿದ್ದರಿಂದ. ಮಗನಿಗೆ ಆಟವಾಡಲು ಏನೋ ಒಂದು ಕೊಟ್ಟೆ ಎಂಬ ಸಂತೋಷ ಅವರಿಗೆ. ಬೇರೆ ಕೊಡಲು ಆ ಸಂಬಳದಲ್ಲಿ ಏನಿತ್ತು!

ರೇವಣ್ಣ ಹೈಸ್ಕೂಲಿಗೆ ಸೇರಿದ ಮೇಲೆ ಆ ಆಟ ಸಂತೆಗೆ ಹೋಯಿತು. ಶನಿವಾರ ಬೆಳಗಿನ ಶಾಲೆ ಮುಗಿಸಿ ಹುಡುಗರೆಲ್ಲ ಸಂತೆಮಾಳದ ಹಿಂದೆ, ಗಾಡಿ ಬಿಡುವ ಜಾಗದಲ್ಲಿ ಸೇರುತ್ತಿದ್ದರು. ಅಲ್ಲಿ ಸರಿಬೆಸದ ಜೂಜು. ಒಬ್ಬ ತೊಟ್ಟು ಕಿತ್ತ ಹಣ್ಣು ತರುವುದು, ಎಲ್ಲರೂ ಕಾಸು ಇಟ್ಟು ಸರಿ ಎಂದೋ ಬೆಸ ಎಂದೋ ಕೂಗುವುದು, ಹಣ್ಣು ಸುಲಿದು ತೊಳೆಗಳನ್ನು ಜೋಡಿ ಜೋಡಿಯಾಗಿ ಇಡುವುದು. ಕೊನೆಗೆ ಒಂಟಿ ತೊಳೆ ಉಳಿದರೆ ಬೆಸ. ರೇವಣ್ಣ ಸೋಲುವುದೇ ಅಪರೂಪ. ಅನುಮಾನ ಬರಬಾರದೆಂದು ಆಗೊಮ್ಮೆ ಈಗೊಮ್ಮೆ ಬೇಕೆಂದೇ ಸೋಲುತ್ತಿದ್ದ ಅಂತ ನನಗೆ ಹೇಳಿ ನಕ್ಕಿದ್ದ. ಗೆದ್ದ ಕಾಸಿನಲ್ಲಿ ನನಗೂ ಒಂದು ಜೊತೆ ಗಾಜಿನ ಬಳೆ ಬಂತು. ನಾನು ಹಾಕಿಕೊಂಡು ಮೆರೆದೆ.

ಹೈಸ್ಕೂಲಿನ ಮೇಷ್ಟ್ರು ಒಂದು ಸಂಜೆ ಮನೆಗೆ ಬಂದರು. ಜಗಲಿಯಲ್ಲಿ ಕೂತು, ಕಾಫಿಯನ್ನೂ ಮುಟ್ಟದೆ ಹೇಳಿದರು: "ಮಹದೇವಪ್ಪ, ಹುಡುಗರು ಪುಸ್ತಕದ ಕಾಸು, ಫೀಸಿನ ಕಾಸು ಎಲ್ಲ ಗಾಡಿ ಮಾಳದಲ್ಲಿ ಕಳೀತಾ ಅವ್ರೆ. ಮಧ್ಯದಲ್ಲಿ ಕೂತಿರೋನು ನಿನ್ನ ಮಗ. ಸ್ವಲ್ಪ ಹೇಳಪ್ಪ."

ಮಾವ ಕೈಮುಗಿದರು. ಆದರೆ ಅವರ ತುಟಿಯಲ್ಲಿ ನಗು ಇತ್ತು. "ನಮ್ಮುಡುಗ ಜೂಜಾಡಲ್ಲ ಮೇಷ್ಟ್ರೇ. ಜೂಜು ಅಂದ್ರೆ ಗೊತ್ತಿಲ್ದೆ ಕಟ್ಟೋದು. ಅವನಿಗೆ ಕಣ್ಣಿಗೆ ಕಾಣ್ತದೆ, ಹೇಳ್ತಾನೆ. ಕಾಣೋದನ್ನ ಹೇಳೋದು ಜೂಜು ಹೆಂಗಾಯ್ತದೆ?"

ಮೇಷ್ಟ್ರು "ಅವನಿಗೆ ಕಾಣ್ತದೆ ಸರಿ, ಉಳಿದ ಮಕ್ಕಳಿಗೆ?" ಎಂದು ಕೇಳಿ ಎದ್ದುಹೋದರು. ನನ್ನ ಮಾವ ಕೆಟ್ಟವರಲ್ಲ, ಮೋಸಗಾರರಂತೂ ಅಲ್ಲವೇ ಅಲ್ಲ. ಮಂಡಿಯಲ್ಲಿ ಒಂದು ಹಣ್ಣು ಆಚೀಚೆ ಮಾಡಿದವರಲ್ಲ. ಆದರೆ ತಮ್ಮ ಮಗ ಏನೋ ಒಂದರಲ್ಲಿ ಎಲ್ಲರಿಗಿಂತ ಮುಂದೆ ಇದ್ದಾನೆ ಎಂಬ ಹೆಮ್ಮೆ ಅವರ ಕಣ್ಣಿಗೆ ಅಡ್ಡ ಬಂತು.

ಆ ವರ್ಷದ ಯುಗಾದಿಯನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಮ್ಮ ಕಡೆ ಯುಗಾದಿ ದಿನ ಜೂಜಾಡುವುದು ವಾಡಿಕೆ. ಬೇವುಬೆಲ್ಲ ತಿಂದು, ಒಬ್ಬಟ್ಟು ಉಂಡು, ಮಧ್ಯಾಹ್ನವಾದ ಮೇಲೆ ಗಂಡಸರೆಲ್ಲ ಕೂತು ಒಂದು ಕೈ ಆಡಲೇಬೇಕು. ಅವತ್ತು ಗೆದ್ದವನಿಗೆ ವರ್ಷವಿಡೀ ಲಾಭವಂತೆ. ಪೊಲೀಸಿನವರೂ ಅವತ್ತು ಬೇರೆ ದಾರಿಯಲ್ಲಿ ಹೋಗುತ್ತಿದ್ದರು. ಜಯಪ್ಪನವರ ಮಂಡಿಗೆ ಹಾಸನದ ಕಡೆಯ ಇಬ್ಬರು ವ್ಯಾಪಾರಿಗಳು ಹಬ್ಬಕ್ಕೆಂದು ಬಂದಿದ್ದರು. ಜಯಪ್ಪನವರು ಮಾವನನ್ನು ಕರೆದು ಭುಜ ತಟ್ಟಿ, "ನಿನ್ನ ಮಗನ ಕೈಗುಣ ಊರೆಲ್ಲ ಹೇಳ್ತದೆ ಕಣಯ್ಯ. ಇವತ್ತು ನನ್ನ ಪರವಾಗಿ ಸರಿಬೆಸಕ್ಕೆ ಅವನೇ ಕೂರ್ಲಿ" ಎಂದರು.

ವಿಮಲಮ್ಮ ಅತ್ತೆ ಅಡುಗೆಮನೆಯಿಂದಲೇ, "ಓದೋ ಹುಡುಗನ್ನ ಯಾಕೆ ದೊಡ್ಡವರ ಆಟಕ್ಕೆ ಕೂರಿಸ್ತೀರಾ?" ಅಂದರು. "ಹಬ್ಬದ ದಿನ, ಬಿಡೇ" ಅಂದರು ಮಾವ. ತಾವೇ ಅವನ ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿ ಕಳಿಸಿದರು.

ಹುಡುಗ ಗೆದ್ದ. ತೊಟ್ಟು ಕಿತ್ತ ಗುಡ್ಡೆಯಿಂದ ಹಾಸನದವರೇ ಹಣ್ಣು ಆರಿಸಿದರು, ಆದರೂ ಗೆದ್ದ. ಜಯಪ್ಪನವರು ಅವನ ತಲೆಗೆ ಹೊಸ ಜರಿಯಂಚಿನ ವಲ್ಲಿ ಸುತ್ತಿ, ಹೆಗಲ ಮೇಲೆ ಕೂರಿಸಿಕೊಂಡು ಮಂಡಿಯ ಮುಂದೆ ಕುಣಿದರು. ಮಾವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಮತ್ತೆ ಯಾವತ್ತೂ ನೋಡಲಿಲ್ಲ.

ಅಲ್ಲಿಂದ ಊರಿಗೆ ಊರೇ ಆ ಹುಡುಗನ ಹಿಂದೆ ಬಿತ್ತು. ಲಾರಿಯವರು ಹೊಸ ಟೈರು ಹಾಕಿದರೆ ಊದುಬತ್ತಿ ಹಚ್ಚಲು ಅವನನ್ನು ಕರೆಯುತ್ತಿದ್ದರು. ಅಂಗಡಿ ತೆರೆಯುವವರು ಮೊದಲ ಬೋಣಿ ಅವನ ಕೈಯಿಂದ ಮಾಡಿಸುತ್ತಿದ್ದರು. ಹದಿನೈದರ ಹುಡುಗ, ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಅವನಿಗೆ ತಲೆ ತಿರುಗದೆ ಇನ್ನೇನಾದೀತು? ಚುಕ್ಕೆಯ ಗುಟ್ಟು ಅವನಿಗೇ ಮರೆತುಹೋಯಿತೋ ಏನೋ. ತನ್ನ ಕೈಯಲ್ಲೇ ಏನೋ ಇದೆ ಎಂದು ನಂಬಿಬಿಟ್ಟ.

ಇಷ್ಟಾದ ಮೇಲೆ ಸಂತೆಯ ಹುಡುಗರು ಅವನ ಜೊತೆ ಸರಿಬೆಸ ಆಡುವುದನ್ನೇ ಬಿಟ್ಟರು. ಸೋಲುವುದು ಗೊತ್ತಿದ್ದ ಮೇಲೆ ಯಾರು ಕೂರುತ್ತಾರೆ? ರೇವಣ್ಣನಿಗೆ ಶನಿವಾರ ಕಳೆಯುವುದೇ ಕಷ್ಟವಾಯಿತು. ಆಗ ಕರೆದವನು ಗುಂಡ. ಮಂಡಿಗೆ ಬರುವ ಲಾರಿಯೊಂದರ ಕ್ಲೀನರು. ಹಣ್ಣು ತುಂಬುವವರೆಗೆ ಅವನಿಗೆ ಕೆಲಸವಿಲ್ಲ, ಲಾರಿಯ ಮರೆಯಲ್ಲಿ ತಾಡಪಾಲು ಹಾಸಿ ಇಸ್ಪೀಟು ಹಾಕುತ್ತಿದ್ದ. ಅಂದರ್ ಬಾಹರ್. ಎಲೆ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ, ಅಷ್ಟೇ ಆಟ. ಅದೂ ಒಂಥರಾ ಸರಿಬೆಸವೇ ಎಂದು ಗುಂಡ ಹೇಳಿದನಂತೆ. ರೇವಣ್ಣನ ಹಿಂದೆ ಕ್ಲಾಸಿನ ಅರ್ಧ ಹುಡುಗರು ಹೋದರು. ಕೈಗುಣದ ರೇವಣ್ಣ ಆಡುವ ಕಡೆ ನಾವೂ ಕಟ್ಟಿದರೆ ಗೆಲ್ಲುತ್ತೇವೆ ಎಂದುಕೊಂಡ ಪಾಪದ ಹುಡುಗರು. ಅರ್ಧ ವರ್ಷದ ಪರೀಕ್ಷೆ ಹೊತ್ತಿಗೆ ಅವರಲ್ಲಿ ಕೆಲವರು ಶಾಲೆಯನ್ನೇ ಬಿಟ್ಟಿದ್ದರು. ಆಗ ವಲ್ಲಿ ಸುತ್ತಿ ಕುಣಿದಿದ್ದ ಜಯಪ್ಪನವರೇ ಮಂಡಿಯ ಕಟ್ಟೆಯ ಮೇಲೆ ಕೂತು, "ಈಗಿನ ಕಾಲದ ಹುಡುಗರು ಕೆಟ್ಟು ಕೆರ ಹಿಡಿದುಹೋದ್ರು" ಅಂದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಯಾರು ಕೆಡಿಸಿದ್ದು ಸ್ವಾಮಿ ಎಂದು ಕೇಳುವ ವಯಸ್ಸು ನನ್ನದಾಗಿರಲಿಲ್ಲ. ಕೇಳುವ ವಯಸ್ಸಿನವರು ಯಾರೂ ಕೇಳಲಿಲ್ಲ.

ಮನೆಯಲ್ಲಿ ಗೊತ್ತಾದದ್ದು ಒಂದು ಬೆಳಿಗ್ಗೆ ಪೂಜೆಯ ಹೊತ್ತಿಗೆ. ನಮ್ಮಲ್ಲಿ ಕೊರಳಿನ ಲಿಂಗವನ್ನು ಇಡಲು ಬೆಳ್ಳಿಯ ಕರಡಿಗೆ ಇರುತ್ತದೆ, ಮುಚ್ಚಳವಿರುವ ಪುಟ್ಟ ಡಬ್ಬಿಯ ಹಾಗೆ. ರೇವಣ್ಣನದನ್ನು ಅವನ ಲಿಂಗದೀಕ್ಷೆಗೆಂದು ಅತ್ತೆ ತಮ್ಮ ತವರಿನ ಕಾಲುಚೈನು ಕರಗಿಸಿ ಮಾಡಿಸಿದ್ದರು. ಅವತ್ತು ಅವನು ಸ್ನಾನ ಮಾಡಿ ಪೂಜೆಗೆ ಕೂತಾಗ ಅತ್ತೆ ಹೂ ಕೊಡಲು ಹೋದರು. ಅವನ ಕೊರಳಿನ ದಾರದಲ್ಲಿ ಬೆಳ್ಳಿ ಇರಲಿಲ್ಲ. ಲಿಂಗವನ್ನು ಹಳೆಯ ಪಂಚೆಯ ಚೂರಿನಲ್ಲಿ ಗಂಟು ಕಟ್ಟಿಕೊಂಡಿದ್ದ.

ಅತ್ತೆಯ ಕೈಯಿಂದ ಹೂವಿನ ತಟ್ಟೆ ಬಿತ್ತು. ಮಾವ ಓಡಿ ಬಂದರು. ಹೊಡೆಯುತ್ತಾರೆ ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ಅವರು ಹೊಡೆಯಲಿಲ್ಲ. ಮಗನ ಎದುರು ಕೂತು ಮೆಲ್ಲಗೆ ಕೇಳಿದರು, "ಯಾರ ಹತ್ರ ಐತೆ?"

"ಗುಂಡನ ಹತ್ರ. ಬರೋ ಶನಿವಾರ ಬಿಡಿಸ್ಕೊಂಡು ಬರ್ತೀನಿ ಅಪ್ಪಯ್ಯ."

"ಹೆಂಗೆ ಬಿಡಿಸ್ತೀಯ?"

ರೇವಣ್ಣನ ಕಣ್ಣು ಮಿನುಗಿತು. ಅಳುವ ಬದಲು ಅವನು ಉತ್ಸಾಹದಿಂದ ಹೇಳತೊಡಗಿದ: "ಇಸ್ಪೀಟಿಗೂ ಒಂದು ತೊಟ್ಟಿನ ಗುರುತು ಇರ್ತದೆ ಅಪ್ಪಯ್ಯ. ಎಲ್ಲದಕ್ಕೂ ಇರ್ತದೆ. ನೋಡೋಕೆ ಬರಬೇಕು ಅಷ್ಟೇ. ಎಲೆ ಬೆನ್ನು, ಮೂಲೆ, ಅವನು ಕಲೆಸೋ ರೀತಿ ಎಲ್ಲ ನೋಡ್ತಾ ಇದೀನಿ. ಇನ್ನು ಸ್ವಲ್ಪ ದಿನ. ನೀನೇ ಹೇಳ್ಕೊಟ್ಟಿದ್ದಲ್ವಾ?"

ಮೇಷ್ಟ್ರಿಗೆ ನಗುನಗುತ್ತಾ ಕೊಟ್ಟ ಉತ್ತರ ಆಗ ಮಾವನಿಗೆ ನೆನಪಾಗಿರಬೇಕು. "ಇಸ್ಪೀಟಿಗೆ ಯಾವ ತೊಟ್ಟೂ ಇಲ್ಲ ಮಗ" ಎಂದಷ್ಟೇ ಹೇಳಿ, ಗೂಟದಲ್ಲಿದ್ದ ತಮ್ಮ ಉಣ್ಣೆಯ ಕೋಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು.

ಮಧ್ಯಾಹ್ನ ಕರಡಿಗೆಯೊಂದಿಗೆ ವಾಪಸು ಬಂದರು, ಕೋಟು ಇರಲಿಲ್ಲ. ಅಷ್ಟರಲ್ಲಿ ರೇವಣ್ಣನೂ ಇರಲಿಲ್ಲ. ಅಪ್ಪಯ್ಯ ಗುಂಡನ ಮುಂದೆ ಕೈಯೊಡ್ಡಲು ಹೋಗಿದ್ದಾರೆ ಎಂದು ಯಾರೋ ಗೆಳೆಯ ಬಂದು ಹೇಳಿದನಂತೆ. ಸೋಮವಾರಪೇಟೆ ಬಸ್ಸು ಹತ್ತಿದ್ದನ್ನು ಹೋಟೆಲಿನವರು ನೋಡಿದ್ದರು. ಆ ಚಳಿಗಾಲವೆಲ್ಲ ಮಾವ ಗೋಣಿ ಹೊದ್ದು ಮಂಡಿಯಲ್ಲಿ ಕೂತರು.

ಅಲ್ಲಿಂದ ಮುಂದೆ ಮಾವನಿಗೆ ಇದ್ದದ್ದು ಒಂದೇ ಯೋಚನೆ, ಮಗ ಮನೆಗೆ ಬರಬೇಕು. ಮಂಡಿಗೆ ಬರುವ ಪ್ರತಿ ಲಾರಿಯವನನ್ನು ಕೇಳುತ್ತಿದ್ದರು. ಸಂತೆಯ ದಿನ ಪ್ರತಿ ಬಸ್ಸಿಗೂ ಹೋಗಿ ನಿಲ್ಲುತ್ತಿದ್ದರು. ಕರಡಿಗೆಯನ್ನು ಅತ್ತೆ ದೇವರ ಗೂಡಿನಲ್ಲಿ ಇಟ್ಟು ದಿನಾ ಒರೆಸುತ್ತಿದ್ದರು. ಮಡಿಕೇರಿಯಲ್ಲಿ ಕಂಡೆ ಅಂದರೆ ಮಡಿಕೇರಿಗೆ, ಪೊನ್ನಂಪೇಟೆಯಲ್ಲಿ ಕಂಡೆ ಅಂದರೆ ಪೊನ್ನಂಪೇಟೆಗೆ ಹೋಗಿ ಬರಿಗೈಯಲ್ಲಿ ವಾಪಸು ಬರುತ್ತಿದ್ದರು. ಅಷ್ಟರಲ್ಲಿ ಕಿತ್ತಳೆ ಗಿಡಗಳಿಗೆ ರೋಗ ಬಿದ್ದು ತೋಟಗಳು ಒಣಗತೊಡಗಿದವು. ಮಂಡಿಗೆ ಬರುವ ಗಾಡಿ ಕಡಿಮೆಯಾಯಿತು, ಮಾವನ ಕೆಲಸವೂ ಅರ್ಧವಾಯಿತು. ಅತ್ತೆ ಮಾತು ಕಡಿಮೆ ಮಾಡಿದರು. ನಾನು ಓದಿ, ಟ್ರೈನಿಂಗ್ ಮುಗಿಸಿ, ಟೀಚರಾದೆ. ನನಗೆ ಮೊದಲು ಸಿಕ್ಕ ಊರು ಕುಟ್ಟ, ಕೇರಳದ ಗಡಿಯಲ್ಲಿ, ನಮ್ಮೂರಿನಿಂದ ಕೊಡಗಿನ ಇನ್ನೊಂದು ತುದಿ. ಅಲ್ಲಿ ಬಸ್ ನಿಲ್ದಾಣದ ಪಕ್ಕ ಟೀ ಹೋಟೆಲು ಇಟ್ಟಿದ್ದ ಕುಶಾಲಪ್ಪ ಎನ್ನುವವರ ಮನೆಯಲ್ಲಿ ಒಂದು ಕೋಣೆ ಹಿಡಿದೆ.

ಎಸ್ಟೇಟುಗಳಲ್ಲಿ ಬಟವಾಡೆ ಆದ ಮರುದಿನ ಕುಟ್ಟದಲ್ಲಿ ಜನವೋ ಜನ. ಅಂಥ ಒಂದು ದಿನ ಸಾಮಾನು ತರಲು ಹೋದವಳು, ಹೋಟೆಲಿನ ಹಿಂದಿನ ಬಯಲಲ್ಲಿ ಹುಡುಗರ ಗುಂಪು ಕಂಡೆ. ಮಲಯಾಳ, ತಮಿಳು, ಕನ್ನಡ ಎಲ್ಲ ಸೇರಿದ ಗದ್ದಲ. ನಡುವಿನಿಂದ ಒಂದು ಕೂಗು ಕೇಳಿತು: "ಸರಿಯೋ ಬೆಸವೋ?" ನನ್ನ ಕಾಲು ಅಲ್ಲೇ ನಿಂತಿತು. ಕೆನ್ನೆ ಗುಳಿಬಿದ್ದು, ಇಪ್ಪತ್ಮೂರಕ್ಕೇ ನಲವತ್ತು ದಾಟಿದವನ ಹಾಗೆ ಕಾಣುತ್ತಿದ್ದ ರೇವಣ್ಣ ಕುಕ್ಕರಗಾಲಲ್ಲಿ ಕೂತಿದ್ದ. ಮುಂದೆ ಗೋಣಿಯ ಮೇಲೆ ತೊಟ್ಟು ಕಿತ್ತ ಕಿತ್ತಳೆ. ತೊಟ್ಟಿನ ಗುಳಿಯ ಮೇಲೆ ಹೆಬ್ಬೆರಳು ಇಟ್ಟು ಹಣ್ಣು ಎತ್ತುತ್ತಿದ್ದ. ಸುತ್ತ ಕೂತವರೆಲ್ಲ ಎಸ್ಟೇಟಿನ ಲೈನುಮನೆಗಳ ಹುಡುಗರು, ಕಾಫಿ ಕೊಯ್ದ ಕೂಲಿಯನ್ನು ಮುಷ್ಟಿಯಲ್ಲಿ ಹಿಡಿದವರು. ನನ್ನ ಕ್ಲಾಸಿನ ಇಬ್ಬರೂ ಇದ್ದರು. ರೇವಣ್ಣ ನನ್ನನ್ನು ನೋಡಲಿಲ್ಲ.

ಸಂಕ್ರಾಂತಿ ರಜೆಗೆ ಊರಿಗೆ ಹೋದಾಗ ಮಾವನಿಗೆ ಹೇಳಿದೆ. ಅವರು ದೇವರ ಗೂಡಿನಿಂದ ಕರಡಿಗೆ ತೆಗೆದು ಸೊಂಟಕ್ಕೆ ಕಟ್ಟಿಕೊಂಡು, "ನಡಿಯವ್ವ" ಎಂದರು. ವಿಮಲಮ್ಮ ಅತ್ತೆ ರೇವಣ್ಣನ ಹಾಸಿಗೆಯನ್ನು ಬಿಸಿಲಿಗೆ ಹಾಕಿದರು.

ಕುಟ್ಟಕ್ಕೆ ಬಂದು, ಬಟವಾಡೆಯ ಮರುದಿನಕ್ಕೆ ಕಾದು ಬಯಲಿಗೆ ಹೋದೆವು. ಗುಂಪಿನ ಹುಡುಗರು ಮುದುಕನಿಗೆ ದಾರಿ ಬಿಟ್ಟರು. ರೇವಣ್ಣ ತಲೆ ಎತ್ತಿದ. ಅಪ್ಪ ಮಗ ಒಬ್ಬರನ್ನೊಬ್ಬರು ನೋಡಿದರು. ಅವನು ಕೈಯಲ್ಲಿದ್ದ ಹಣ್ಣನ್ನು ಗುಡ್ಡೆಗೆ ಹಾಕಿದ.

ಮಾವ ಅವನ ಎದುರು ಗೋಣಿಯ ಈಚೆ ಕೂತರು. "ಮನೆಗೆ ಬಾ ಮಗ. ನಿಮ್ಮವ್ವ ಕಾಯ್ತಾ ಅವ್ಳೆ."

ರೇವಣ್ಣ ಸುತ್ತ ನೋಡಿ, ನಗುವಂತೆ ಮಾಡಿದ. "ಇಲ್ಲಿ ಕೂತೋರು ಆಟ ಆಡಬೇಕು ಅಪ್ಪಯ್ಯ. ಸುಮ್ನೆ ಮಾತಾಡೋ ಜಾಗ ಅಲ್ಲ."

ಹುಡುಗರು ಕೇಕೆ ಹಾಕಿದರು. ನನಗೆ ಅವನ ಕೆನ್ನೆಗೆ ಬಿಗಿಯಬೇಕು ಅನ್ನಿಸಿತು. ಮಾವ ಮಾತ್ರ ಸೊಂಟದ ಗಂಟು ಬಿಚ್ಚಿ ಕರಡಿಗೆಯನ್ನು ಗೋಣಿಯ ಮೇಲೆ ಇಟ್ಟರು. ಕೇಕೆ ನಿಂತಿತು. "ಆಡ್ತೀನಿ. ನೀನು ಗೆದ್ರೆ ಇದು ನಿಂದು. ನಾನು ಗೆದ್ರೆ ಈಗಿನ ಬಸ್ಸಿಗೆ ನನ್ನ ಜೊತೆ ಬರ್ತೀಯ."

ರೇವಣ್ಣ ಬಹಳ ಹೊತ್ತು ಆ ಬೆಳ್ಳಿಯನ್ನೇ ನೋಡಿದ. ಅವನ ಕೊರಳಲ್ಲಿ ಈಗಲೂ ಬಟ್ಟೆಯ ಗಂಟೇ ಇತ್ತು. ಆಮೇಲೆ ಗುಡ್ಡೆಯಿಂದ ಒಂದು ಹಣ್ಣು ಎತ್ತಿಕೊಂಡ. ಈ ಸಲ ಹೆಬ್ಬೆರಳನ್ನು ಗುಳಿಯ ಮೇಲೆ ಇಡಲಿಲ್ಲ. ಅಪ್ಪನಿಗೆ ಕಾಣುವ ಹಾಗೆ ತಿರುಗಿಸಿ ಹಿಡಿದು ಕೇಳಿದ, "ಸರಿಯೋ ಬೆಸವೋ?"

ನನ್ನ ಎದೆ ಹಗುರಾಯಿತು. ಬರಲು ಮನಸ್ಸಿದೆ, ಬಾಯಿಬಿಟ್ಟು ಹೇಳಲಾರದೆ ಅಪ್ಪನೇ ಗೆಲ್ಲಲಿ ಅಂತ ತೋರಿಸುತ್ತಿದ್ದಾನೆ ಅಂದುಕೊಂಡೆ. ಮಾವ ಕಣ್ಣು ಕಿರಿದು ಮಾಡಿ ಗುಳಿಯನ್ನು ನೋಡಿದರು. ಅವರ ಮುಖದಲ್ಲೂ ಅದೇ ಆಸೆ ಕಂಡಿತು. "ಸರಿ" ಎಂದರು.

ರೇವಣ್ಣ ಸುಲಿದ. ತೊಳೆಗಳನ್ನು ಬಿಡಿಸಿ ಜೋಡಿ ಜೋಡಿಯಾಗಿ ಗೋಣಿಯ ಮೇಲೆ ಇಡುತ್ತಾ ಬಂದ. ಕೊನೆಗೆ ಒಂಟಿಯಾಗಿ ಒಂದು ತೊಳೆ ಉಳಿಯಿತು. "ಬೆಸ" ಎಂದು ಹುಡುಗರು ಕೂಗಿದರು.

ಮಾವ ಗೋಣಿಯನ್ನು ನೋಡಲಿಲ್ಲ. ಮಗನ ಎಡಗೈಯನ್ನು ನೋಡುತ್ತಿದ್ದರು. ನಾನೂ ನೋಡಿದೆ. ರೇವಣ್ಣ ಆ ಕೈಯನ್ನು ತೊಡೆಯ ಮೇಲೆ ಬಿಗಿಯಾಗಿ ಮುಚ್ಚಿಟ್ಟುಕೊಂಡಿದ್ದ. ಬೆರಳ ಸಂದಿಯಿಂದ ರಸ ಇಳಿದು ಅವನ ಪಂಚೆ ಒದ್ದೆಯಾಗುತ್ತಿತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ನನ್ನ ಮುಂಗೈ ಹಿಡಿದುಕೊಂಡು ಎದ್ದರು. "ಸೋತೆ ಮಗ" ಎಂದರು. ಕರಡಿಗೆಯನ್ನು ಅವನ ಕಡೆ ಸರಿಸಿದರು. ರೇವಣ್ಣ ತಲೆ ಎತ್ತಲಿಲ್ಲ.

ಬಸ್ಸಿಗೆ ಕಾಯುತ್ತಾ ಕೂತಾಗ ನನಗೆ ತಡೆಯಲಾಗಲಿಲ್ಲ. "ನೀವು ನೋಡಿದ್ರಲ್ಲ ಮಾವ, ಒಂದು ತೊಳೆ ಮುಷ್ಟಿಯಲ್ಲೇ ಇತ್ತು! ಕೈ ಹಿಡಿದು ಬಿಡಿಸಬಾರದಿತ್ತಾ?" ಎಂದು ಅತ್ತುಬಿಟ್ಟೆ.

"ಬಿಡಿಸಿದ್ರೆ ಆ ಹುಡುಗ್ರು ಅವನನ್ನ ಅಲ್ಲೇ ಹೊಡೆದು ಹಾಕೋರು. ಕೂಲಿ ಕಳ್ಕೊಂಡಿರೋ ಮಕ್ಕಳು." ಬಸ್ಸು ಬರುವ ದಾರಿಯ ಕಡೆ ನೋಡಿದರು. "ಗುಳಿ ಬೇಕಂತಲೇ ತೋರಿಸ್ದ ಕಣವ್ವ. ನನಗೆ ಗೊತ್ತಾಯ್ತದೆ ಅಂತ ಅವನಿಗೆ ಗೊತ್ತು. ಬರಲ್ಲ ಅಂತ ಹೇಳ್ದ ಅಷ್ಟೇ. ಬಾಯಲ್ಲಿ ಹೇಳೋಕೆ ಆಗ್ಲಿಲ್ಲ." ಮತ್ತೆ ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು: "ಸುಮ್ನೆ ಕೊಟ್ಟಿದ್ರೆ ತಗೊಳ್ತಿರ್ಲಿಲ್ಲ. ಗೆದ್ದೆ ಅಂತ ತಗೊಂಡ. ಹೆಂಗೋ ಅವನ ಕೊರಳಿಗೆ ಬೆಳ್ಳಿ ಸೇರ್ತು."

ಅಷ್ಟರಿಂದಲೇ ಆ ಮನುಷ್ಯ ಸಮಾಧಾನ ಮಾಡಿಕೊಂಡರು. ಬಸ್ಸು ಬಂದಾಗ ಹಿಂದಿರುಗಿ ನೋಡದೆ ಹತ್ತಿದರು. ಮಗ ಬರುತ್ತಾನೆಂದು ಬಿಸಿಲಿಗೆ ಹಾಕಿದ್ದ ಹಾಸಿಗೆಯನ್ನು ಮಾವ ಒಬ್ಬರೇ ಬಂದದ್ದು ಕಂಡು ಅತ್ತೆ ಮಡಿಚಿ ಒಳಗಿಟ್ಟರಂತೆ.

ಒಂದು ವಾರವೂ ಆಗಿರಲಿಲ್ಲ. ನಾನು ಶಾಲೆಗೆ ಹೊರಡುವಾಗ ಕುಶಾಲಪ್ಪನವರು ಹೋಟೆಲಿನ ಗಲ್ಲಾದಿಂದ ಕೂಗಿದರು. "ಟೀಚರಮ್ಮ, ಇದು ನಿಮ್ಮ ಜನ ಕೊರಳಿಗೆ ಹಾಕ್ವದಲ್ವಾ? ನಮ್ಮ ಧರ್ಮಪಾಲಂಗೆ ಇಸ್ಪೀಟಲ್ಲಿ ಬಂದದ್ದಂತೆ. ಆ ಕಿತ್ತಳೆ ರೇವಣ್ಣ ಇಟ್ಟು ಸೋತದ್ದು. ದೇವರ ವಸ್ತು, ಮನೇಲಿ ಮಡಗಿಕೊಳ್ಳೋಕೆ ಭಯ ಆಗ್ತದೆ. ನೀವೇ ಏನಾದ್ರೂ ಮಾಡಿ." ಧರ್ಮಪಾಲ ಅವರ ಮಗ, ಹೈಸ್ಕೂಲಿಗೆ ಹೋಗುತ್ತಿದ್ದವನು. ಕರಡಿಗೆಯನ್ನು ನನ್ನ ಕೈಗೆ ಹಾಕುತ್ತಾ ಕುಶಾಲಪ್ಪನವರು ಹೆಮ್ಮೆಯಿಂದ ನಕ್ಕರು. "ಹುಡುಗನ ಕೈಗುಣ ಒಳ್ಳೇದುಂಟು ಟೀಚರಮ್ಮ. ಕೂತರೆ ಸೋಲ್ವದೇ ಇಲ್ಲ."

ಅವರಿಗೆ ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಮೇಷ್ಟ್ರು ನಮ್ಮ ಜಗಲಿಯಲ್ಲಿ ಹೇಳಿದ್ದಕ್ಕಿಂತ ಜೋರಾಗಿಯೇ ಹೇಳಿದೆ. ಅವರು ಮಾವನ ಹಾಗೆಯೇ ಮುಗುಳ್ನಕ್ಕು, ಟೀ ಸೋಸಲು ಒಳಗೆ ಹೋದರು.

ಆ ತಿಂಗಳಲ್ಲೇ ರೇವಣ್ಣ ಗಡಿ ದಾಟಿ ವಯನಾಡಿನ ಕಡೆ ಹೋದನೆಂದು ಕೇಳಿದೆ. ಆಮೇಲೆ ಯಾರೂ ಅವನನ್ನು ಕಾಣಲಿಲ್ಲ. ಅತ್ತೆ ಹೆಚ್ಚು ಕಾಲ ಬದುಕಲಿಲ್ಲ. ನಾನು ಪ್ರತಿ ರಜೆಗೆ ಊರಿಗೆ ಹೋದಾಗ ಮಾವ ಕೈಕಾಲು ತೊಳೆಯಲೂ ಬಿಡದೆ ಕೇಳುತ್ತಿದ್ದರು, "ಕಂಡ್ಯೇನವ್ವ ಅವನ್ನ?"

"ದೂರದಿಂದ ಕಂಡೆ ಮಾವ."

"ಕೊರಳಲ್ಲಿ ಇತ್ತಾ?"

"ಇತ್ತು."

ಮೊದಲ ಸಲ ಆ ಮಾತು ಬಾಯಿಂದ ತಾನಾಗಿ ಬಂತು. ಆಮೇಲೆ ಪ್ರತಿ ಸಲ ಹೇಳಿದೆ. ಇದಕ್ಕಾಗಿ ನನಗೆ ಯಾವ ನಾಚಿಕೆಯೂ ಇಲ್ಲ. ಕೊನೆಯ ಸಲ ಕೇಳಿದಾಗ ಅವರು ಹಾಸಿಗೆ ಹಿಡಿದಿದ್ದರು. ನನ್ನ ಮಗಳು ಪಕ್ಕದಲ್ಲಿ ಕೂತಿದ್ದಳು. ಪೇಟೆಯಿಂದ ತಂದ ಕಿತ್ತಳೆಯನ್ನು ಸುಲಿದು, ತೊಳೆಗಳನ್ನೆಲ್ಲ ಅವಳ ಬೊಗಸೆಗೆ ಹಾಕಿ, ಎರಡೂ ಅಂಗೈ ಬಿಡಿಸಿ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. ಇತ್ತು ಮಾವ, ಥಳಥಳ ಅಂತಿತ್ತು ಎಂದೆ. ಕರಡಿಗೆ ಆಗಲೂ ಕುಟ್ಟದಿಂದ ತಂದ ನನ್ನ ಟ್ರಂಕಿನ ತಳದಲ್ಲಿ ಇತ್ತು, ಈಗಲೂ ಅಲ್ಲೇ ಇದೆ.